ಖಾಲಿ ಕುರ್ಚಿಯ ಗೆರೆ

ಆವತ್ತು ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬೀದಿಯ ನೀರು ನಮ್ಮ ಕಟ್ಟಡದ ಹೊಸ್ತಿಲು ದಾಟಿ ಒಳಗೆ ಬಂತು. ನೆಲಮಹಡಿಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಪಕ್ಕದ್ದು ದರ್ಜಿಯದು, ಅದರ ಹಿಂದೆಯೇ ಅವನ ಮನೆ. ನಾನು ಕಾಗದದ ಕಟ್ಟುಗಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದರೆ, ದರ್ಜಿ ಹೊಲಿಗೆ ಯಂತ್ರದ ತಲೆಯನ್ನು ಮಾತ್ರ ಬಿಚ್ಚಿಕೊಂಡು ಎಳೆಗೂಸಿನಂತೆ ಎದೆಗೆ ಅವುಚಿಕೊಂಡು ಬಂದ. ಅವನ ಹಿಂದೆ ಅವನ ಮಗಳು, ಬಗಲಲ್ಲಿ ಶಾಲೆಯ ಚೀಲ. ಮೂರನೆಯ ಮಹಡಿಯಲ್ಲಿ ಮೆಟ್ಟಿಲು ತಿರುಗುವ ಜಾಗ ಅಗಲವಾಗಿದೆ, ಅಲ್ಲಿ ಎಲ್ಲರೂ ಗೋಡೆಗೆ ಒರಗಿ ಕೂತೆವು. ಎರಡನೆಯ ಮಹಡಿಯ ನರ್ಸಮ್ಮ ಕೆಲಸಕ್ಕೆ ಹೋಗಲಾರದೆ ಅಲ್ಲಿಗೇ ಬಂದು ಸೇರಿಕೊಂಡರು.

ಆ ಮಹಡಿಯಲ್ಲಿರುವವರು ವೈರಜ್ಜಿ. ಒಂಟಿ ಜೀವ. ಜನರ ಬೆರಳಿಗೆ ವೈರು ಸಿಕ್ಕಿಸುವ ಕೆಲಸದಲ್ಲಿ ಆಯುಷ್ಯ ಕಳೆದವರಾದ್ದರಿಂದ ಆ ಹೆಸರು ಬಂತಂತೆ. ಅಜ್ಜಿ ಎಲ್ಲರಿಗೂ ಚಹಾ ಕೊಟ್ಟು, ತಾವೂ ಒಂದು ಸ್ಟೂಲು ಹಾಕಿಕೊಂಡು ಬಾಗಿಲ ಬಳಿ ಕೂತರು. ಅಷ್ಟರಲ್ಲಿ ದರ್ಜಿಯ ಮಗಳು ಮನೆಲೆಕ್ಕ ಮಾಡುತ್ತಿದ್ದವಳು ಪುಸ್ತಕದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದಳು.

“ನೋಡಿ ಇವಳನ್ನ,” ಎಂದ ದರ್ಜಿ. “ಮನೆಗೆ ನೀರು ನುಗ್ಗಿದಾಗ ಕಣ್ಣು ಒದ್ದೆ ಆಗ್ಲಿಲ್ಲ, ಉತ್ತರ ತಾಳೆ ಆಗ್ಲಿಲ್ಲ ಅಂತ ಅಳ್ತಾಳೆ. ಲೆಕ್ಕಕ್ಕೆ ಯಾರಾದ್ರೂ ಅಳ್ತಾರಾ?”

“ಅಳ್ತಾರೆ,” ಎಂದರು ವೈರಜ್ಜಿ. “ಬದುಕಿದ್ದಾಗಲೂ ಅಳ್ತಾರೆ, ಸತ್ತ ಮೇಲೂ ಅಳ್ತಾರೆ. ನಾನು ಕಣ್ಣಾರೆ ನೋಡಿದೀನಿ.”

ದರ್ಜಿ ನಕ್ಕ. ಅಜ್ಜಿ ನಗಲಿಲ್ಲ. ಹುಡುಗಿ ಮೂಗು ಒರೆಸಿಕೊಂಡು ಹತ್ತಿರ ಸರಿದು ಕೂತಳು. ಮಳೆಯ ಸದ್ದಿಗಿಂತ ಸ್ವಲ್ಪವೇ ಮೇಲೆ ಕೇಳುವಂತೆ ಅಜ್ಜಿ ಹೇಳಲು ಶುರುಮಾಡಿದರು.

“ನಾನಿದ್ದದ್ದು ಒಂದು ಪ್ರಯೋಗಶಾಲೆಲಿ. ಪ್ರಯೋಗಶಾಲೆ ಅಂದ ಕೂಡಲೆ ಗಾಜಿನ ಸೀಸೆ, ಹೊಗೆ, ಕಪ್ಪೆ ಕೊಯ್ಯೋದು ಅಂದ್ಕೋಬೇಡಿ... ಅಲ್ಲಿದ್ದದ್ದು ಒಂದು ಕುರ್ಚಿ, ಒಂದು ಮೇಜು, ಒಂದು ಯಂತ್ರ, ಅಂಗಳದ ಕಡೆ ತೆರೆಯೋ ಒಂದು ಕಿಟಕಿ, ಅಷ್ಟೇ. ಕುರ್ಚಿಲಿ ಬಂದು ಕೂತೋರ ಎರಡು ಬೆರಳನ್ನ ಸ್ಪಿರಿಟ್ ಹತ್ತಿಲಿ ಒರೆಸಿ, ತಗಡಿನ ಬಿಲ್ಲೆ ಇಟ್ಟು, ಪಟ್ಟಿ ಸುತ್ತಿ, ವೈರು ಸಿಕ್ಕಿಸೋದು ನನ್ನ ಕೆಲಸ. ಮನಸ್ಸಿಗೆ ಏನಾದ್ರೂ ತಟ್ಟಿದ್ರೆ ಬೆರಳು ಸ್ವಲ್ಪ ಬೆವರುತ್ತೆ, ನಮಗೇ ತಿಳಿಯದಷ್ಟು... ಆದ್ರೆ ಯಂತ್ರಕ್ಕೆ ತಿಳಿಯುತ್ತೆ. ಕಾಗದ ಉರುಳ್ತಾ ಇರುತ್ತೆ, ಅದರ ಮೇಲೆ ಒಂದು ಪೆನ್ನು ಗೆರೆ ಎಳೀತಾ ಇರುತ್ತೆ. ಮನಸ್ಸು ಅಲ್ಲಾಡ್ತೋ, ಗೆರೆ ಏರ್ತು. ತಣ್ಣಗಾಯ್ತೋ, ಇಳೀತು. ಬಾಯಿ ಸುಳ್ಳು ಹೇಳಬಹುದು ಕಣ್ರಪ್ಪ, ಬೆವರಿಗೆ ಆ ವಿದ್ಯೆ ಬರಲ್ಲ.

“ನಮ್ಮ ದೊಡ್ಡ ಡಾಕ್ಟರಿಗೆ ಒಂದು ಹುಚ್ಚಿತ್ತು. ಹಾಡು ಕೇಳಿ ಮನಸ್ಸು ಕರಗೋದು, ಚಿತ್ರ ನೋಡಿ ಮೈ ಜುಮ್ ಅನ್ನೋದು ಎಲ್ಲರಿಗೂ ಗೊತ್ತಿರೋದೇ, ಆದ್ರೆ ಲೆಕ್ಕದ ಒಂದು ಸಾಲು ನೋಡಿ ಮನುಷ್ಯನಿಗೆ ಎದೆ ತುಂಬಿ ಬರುತ್ತಾ ಇಲ್ವಾ ಅಂತ ಅವರಿಗೆ ತಿಳೀಬೇಕಿತ್ತು. ಅದಕ್ಕೆ ಕಾಲೇಜು ಕಾಲೇಜಿಂದ ಗಣಿತದೋರನ್ನ ಕರೆಸಿದ್ರು. ಒಂದೊಂದು ಕಾರ್ಡಿನ ಮೇಲೆ ಒಂದೊಂದು ಸೂತ್ರ, ಎಲ್ಲ ಒಂದೇ ಅಳತೆ, ಒಂದೇ ಅಚ್ಚು, ಒಂದೇ ಮಸಿ. ಕಾರ್ಡು ತೋರಿಸೋದು, ಗೆರೆ ತಣ್ಣಗಾಗೋ ತನಕ ಕಾಯೋದು, ಮಧ್ಯೆ ಒಂದು ಬರೀ ಬಿಳೀ ಕಾರ್ಡು ತೋರಿಸೋದು, ಆಮೇಲೆ ಇನ್ನೊಂದು.

“ಏನೇನು ನೋಡಿದೆ ಅಂತೀರಿ... ಒಬ್ಬರು ಬಂದ್ರು, ಪೈಲ್ವಾನರ ಹಾಗೆ ಕುತ್ತಿಗೆ, ಬೆರಳಿಗೆ ಪಟ್ಟಿ ಸಾಲ್ತಿರ್ಲಿಲ್ಲ. ಒಂದು ಪುಟ್ಟ ಸೂತ್ರ, ಬೆರಳೆಣಿಕೆಯಷ್ಟು ಚಿಹ್ನೆ, ಕೊನೇಲಿ ಒಂದು ಸೊನ್ನೆ... ಅದನ್ನ ನೋಡಿ ಆ ಪುಣ್ಯಾತ್ಮರ ಕಣ್ಣು ತುಂಬಿಬಿಡ್ತು. ಒಬ್ಬಳು ಹುಡುಗಿ ಒಂದು ಉದ್ದದ ಸೂತ್ರ ನೋಡಿ ಮುಖ ಸಿಂಡರಿಸಿ, ‘ಇದನ್ನ ಯಾರು ಹೀಗೆ ಬರೆದದ್ದು, ತೆಗೀರಿ ಆ ಕಡೆ’ ಅಂತ ನನ್ನ ಮೇಲೇ ರೇಗಿದ್ಳು, ನಾನೇ ಬರೆದಿದ್ದೆ ಅನ್ನೋ ಹಾಗೆ. ಕೊನೆಯೇ ಇಲ್ಲದ ಸಾಲು ನೋಡಿ ಒಬ್ಬರು ಕಿಟಕಿ ತೆಗೀರಿ ಅಂದ್ರು. ಇನ್ನು ಕೆಲವು ಕಾರ್ಡಿನಲ್ಲಿ ಯಾರೂ ಇನ್ನೂ ಬಿಡಿಸದ ಪ್ರಶ್ನೆ ಇರ್ತಿದ್ವು. ಅದನ್ನ ತೋರಿಸಿದ್ರೆ ಗೆರೆ ಹಾರ್ತಿರ್ಲಿಲ್ಲ, ಸುಮ್ನೆ ನಡುಗ್ತಾ ನಿಲ್ತಿತ್ತು, ಎಷ್ಟು ಹೊತ್ತಾದ್ರೂ ತಣ್ಣಗಾಗ್ತಿರ್ಲಿಲ್ಲ. ನನಗೆ ಅದೆಲ್ಲ ಇರುವೆ ಸಾಲು. ಆದ್ರೆ ಇರುವೆ ಸಾಲು ನೋಡಿ ಮನುಷ್ಯರ ಮುಖ ಹಾಗೆ ಅರಳೋದನ್ನ ನೋಡಿ ಹೊಟ್ಟೆಕಿಚ್ಚಾಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ.

“ಒಂದು ದಿನ ಒಂದರ ಮೇಷ್ಟ್ರು ಬಂದ್ರು. ಅದು ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು, ಯಾಕೆ ಅಂತ ನಿಮಗೇ ಆಮೇಲೆ ತಿಳಿಯುತ್ತೆ. ಬಡಕಲು ಮನುಷ್ಯ, ಕೋಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ, ಮಾತು ಕಮ್ಮಿ. ನಮ್ಮ ಕಾರ್ಡು ಎಲ್ಲ ತೋರಿಸಿದೆ, ಎಲ್ಲರನ್ನೂ ಅಳಿಸಿದ್ದನ್ನ ತೋರಿಸಿದೆ, ಎಲ್ಲರೂ ಬೈದದ್ದನ್ನ ತೋರಿಸಿದೆ... ಗೆರೆ ಮಿಸುಕಾಡ್ಲಿಲ್ಲ. ಇದೇನಪ್ಪ ಕಲ್ಲು ತಂದು ಕೂರಿಸಿದ್ರಾ ಅನ್ಕೊಂಡೆ. ಆಗ ಅವರೇ ಸಂಕೋಚದಿಂದ, ‘ನನ್ನ ಪ್ರಶ್ನೆ ನಿಮ್ಮ ಹತ್ರ ಇಲ್ಲ ಅನ್ಸುತ್ತೆ’ ಅಂತ ಎದೆ ಜೇಬಿಂದ ಒಂದು ಕಾರ್ಡು ತೆಗೆದ್ರು. ಮೂಲೆ ಎಲ್ಲ ಸವೆದು ದುಂಡಗಾಗಿದ್ವು, ಕೈಲಿ ಬರೆದದ್ದು, ಮಸಿ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಅಚ್ಚು ಹಾಕಿಸದ ಕಾರ್ಡು ತೋರಿಸ್ಬಾರ್ದು ಅನ್ನೋದು ನಿಯಮ. ದೊಡ್ಡ ಡಾಕ್ಟರಿಗೆ ಕುತೂಹಲ ತಡೀಲಿಲ್ಲ, ‘ಒಂದು ಕಾರ್ಡಿಗೆ ಏನಾಗುತ್ತೆ, ತೋರಿಸಮ್ಮ’ ಅಂದ್ರು. ತೋರಿಸಿದೆ. ಪೆನ್ನು ಎದ್ದ ಏಟಿಗೆ ಕಾಗದದ ಅಂಚು ದಾಟಿ ಮೇಜಿನ ಮೇಲೆ ಮಸಿ ಚೆಲ್ತು. ಮುಖ ನೋಡಿದ್ರೆ ಅದೇ ಕಲ್ಲು. ಒಳಗೆ ಮಾತ್ರ ಆ ಅಬ್ಬರ.

“ಪ್ರಶ್ನೆ ಏನು ಅಂತೀರಾ? ಬಹಳ ಸುಲಭ, ಈ ಪುಟ್ಟಿಗೂ ಅರ್ಥ ಆಗುತ್ತೆ. ಒಂದು ಸಂಖ್ಯೆ ಹಿಡ್ಕೊಳ್ಳಿ. ಸಮ ಆದ್ರೆ ಅರ್ಧ ಮಾಡಿ. ಬೆಸ ಆದ್ರೆ ಮೂರರಿಂದ ಗುಣಿಸಿ ಒಂದು ಸೇರಿಸಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. ಮಾಡ್ತಾ ಹೋಗಿ... ಏನಪ್ಪ ದರ್ಜಿ, ಒಂದು ಸಂಖ್ಯೆ ಹೇಳು.”

“ಐದು,” ಎಂದ ದರ್ಜಿ.

ಹುಡುಗಿ ಕೂಡಲೇ ಬೆರಳು ಮಡಚಿದಳು. “ಐದು ಬೆಸ. ಮೂರೈದ್ಲ ಹದಿನೈದು, ಒಂದು ಸೇರಿದ್ರೆ ಹದಿನಾರು. ಅರ್ಧ ಎಂಟು. ನಾಲ್ಕು. ಎರಡು. ಒಂದು.”

“ಸೋಮಾರಿ, ಹತ್ತಿರದ ದಾರೀನೇ ಹಿಡಿದೆ,” ಎಂದು ಅಜ್ಜಿ ದರ್ಜಿಯನ್ನು ಮೂದಲಿಸಿ ಮುಂದುವರಿಸಿದರು.

“ನೋಡಿದ್ರಾ, ಒಂದಕ್ಕೆ ಬಂತು. ಯಾವುದನ್ನ ಹಿಡಿದ್ರೂ ಏರಿ ಇಳಿದು, ಏರಿ ಇಳಿದು, ಕೊನೆಗೆ ಒಂದಕ್ಕೇ ಬಂದು ಸೇರುತ್ತೆ. ಇಪ್ಪತ್ತೇಳು ಅಂತ ಒಂದಿದೆ, ಅದು ಒಂಬತ್ತು ಸಾವಿರದ ಮೇಲಕ್ಕೆ ಹತ್ತಿ ಊರೆಲ್ಲ ಸುತ್ತಿ ಬರುತ್ತೆ, ಆದ್ರೆ ಬರುತ್ತೆ. ಇಲ್ಲೀವರೆಗೆ ಲೆಕ್ಕ ಹಾಕಿದ್ದೆಲ್ಲ ಬಂದಿದೆ. ಪ್ರಶ್ನೆ ಇಷ್ಟೇ... ಎಲ್ಲವೂ ಬರುತ್ತಾ? ಅಥವಾ ಯಾವತ್ತೂ ಮನೆಗೆ ಬಾರದೆ ಅಲೀತಾನೇ ಇರೋ ಸಂಖ್ಯೆ ಎಲ್ಲಾದ್ರೂ ಒಂದಿದೆಯಾ? ಯಾರಿಗೂ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರು ಇಡೀ ಜೀವಮಾನ ಅದರ ಬೆನ್ನು ಹತ್ತಿದ್ರು.

“ಆ ಕಾರ್ಡನ್ನ ಡಾಕ್ಟರು ಇಸ್ಕೊಂಡು ಇಟ್ಕೊಂಡ್ರು, ಮತ್ತೊಮ್ಮೆ ಪರೀಕ್ಷೆ ಮಾಡಿ ವಾಪಸ್ ಕೊಡೋದು ಅಂತ. ಮತ್ತೊಮ್ಮೆ ಬರೋಕೆ ಮೇಷ್ಟ್ರೇ ಉಳೀಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೋರು ಏಳಲೇ ಇಲ್ಲವಂತೆ, ಎದೆ ನಿಂತುಹೋಗಿತ್ತಂತೆ.

“ಈಗ ಒಂದು ವಿಷಯ ತಿಳ್ಕೊಳ್ಳಿ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ದಿನಾ ಬೆಳಿಗ್ಗೆ ಯಾರೂ ಬರೋಕೆ ಮುಂಚೆ, ಪಟ್ಟಿಗಳನ್ನ ಕುರ್ಚಿ ಕೈ ಮೇಲೆ ಹಾಗೇ ಇಟ್ಟು, ಯಾರಿಗೂ ಕಟ್ಟದೆ, ಯಂತ್ರ ಓಡಿಸ್ಬೇಕು. ಗೆರೆ ನೆಟ್ಟಗೆ ಬಂದ್ರೆ ಯಂತ್ರ ಸರಿ ಇದೆ ಅಂತ ಅರ್ಥ. ಖಾಲಿ ಗೆರೆ ಅಂತ ಕರೀತಿದ್ವಿ ಅದನ್ನ. ಮೇಷ್ಟ್ರು ತೀರಿಕೊಂಡ ವಾರದಲ್ಲಿ ಒಂದು ಬೆಳಿಗ್ಗೆ, ಒಳ್ಳೆ ಬಿಸಿಲು, ಕಿಟಕಿ ಹೊರಗೆ ಮಾಲಿ ಹುಲ್ಲು ಕತ್ತರಿಸ್ತಿದ್ದ, ನಾನು ಖಾಲಿ ಗೆರೆ ಓಡಿಸಿಟ್ಟು ಕಾರ್ಡುಗಳ ಧೂಳು ಒರೆಸ್ತಾ ಇದ್ದೆ. ಮೇಷ್ಟ್ರ ಕಾರ್ಡು ಕೈಗೆ ಬಂತು. ಅಯ್ಯೋ ಪಾಪ ಅಂತ ಅದನ್ನ ಎತ್ತಿ ನೋಡಿದೆ, ಬೆಳಕಿಗೆ ಹಿಡಿದು... ಅದರ ಮುಖ ಕುರ್ಚಿ ಕಡೆಗಿತ್ತು. ಪೆನ್ನು ಕರ್ ಅಂತ ಎದ್ದು ಕಾಗದದ ಅಂಚು ದಾಟಿ ಮೇಜಿಗೆ ಬಡೀತು.

“ಭಯ ಆಯ್ತಾ ಅಂತ ಕೇಳ್ತೀರಿ. ಮೊದಲು ಸಿಟ್ಟು ಬಂತು ಕಣ್ರಿ, ಯಂತ್ರ ಕೆಟ್ಟಿದೆ ಅಂತ. ವೈರು ಬಿಚ್ಚಿ ಕಟ್ಟಿದೆ, ಪೆನ್ನು ತೊಳೆದೆ. ಪೈಲ್ವಾನರನ್ನ ಅಳಿಸಿದ ಕಾರ್ಡು ಹಿಡಿದೆ, ಗೆರೆ ನೆಟ್ಟಗೆ. ಬಿಳೀ ಕಾರ್ಡು ಹಿಡಿದೆ, ನೆಟ್ಟಗೆ. ಮೇಷ್ಟ್ರ ಕಾರ್ಡು ಹಿಡಿದೆ... ಎದ್ದು ಕುಣೀತು. ಆಗ ಅರ್ಥ ಆಯ್ತು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ... ಸುಟ್ಟು ಬೂದಿಯಾದ ಮನುಷ್ಯ ಲೆಕ್ಕ ಬಿಡದೆ ಬಂದು ಕೂತಿದ್ದರು. ಆದ್ರೆ ಹೇಳ್ತೀನಿ, ಆ ಬೆಳಕಲ್ಲಿ, ಆ ಹುಲ್ಲಿನ ವಾಸನೇಲಿ, ಆ ಖಾಲಿ ಕುರ್ಚಿ ನೋಡಿದ್ರೆ ಓಡಿಹೋಗ್ಬೇಕು ಅನ್ನಿಸ್ಲಿಲ್ಲ. ಯಾರಿಗೂ ಹೇಳ್ಲಿಲ್ಲ.

“ಸ್ವಲ್ಪ ದಿನಕ್ಕೆ ಅವರ ಹೆಂಡತಿ ಬಂದ್ರು. ಪುಟ್ಟ ಮಕ್ಕಳ ಶಾಲೆಲಿ ಪಾಠ ಹೇಳೋರು, ಟೀಚರಮ್ಮ. ನನಗಿಂತ ಹಿರಿಯರು, ನೆಟ್ಟಗೆ ನಿಲ್ಲೋ ಹೆಂಗಸು. ‘ಇವರ ಜೇಬಲ್ಲಿ ಯಾವಾಗ್ಲೂ ಒಂದು ಕಾರ್ಡು ಇರ್ತಿತ್ತು, ಅದು ಇಲ್ಲಿದೆಯಂತೆ, ಕೊಡಿ’ ಅಂದ್ರು. ಅವರ ಮುಖ ನೋಡಿ ನನಗೆ ತಡೀಲಿಲ್ಲ. ‘ಅಕ್ಕಾ, ಹೆದರಬೇಡಿ, ನಿಮ್ಮ ಯಜಮಾನ್ರು ಇಲ್ಲೇ ಇದಾರೆ’ ಅಂತ ಯಂತ್ರ ಹಾಕಿ ಕಾರ್ಡು ಹಿಡಿದೆ. ಪೆನ್ನು ಎಗರ್ತು. ಸಮಾಧಾನ ಆಗ್ಲಿ ಅಂತ ಮಾಡಿದ್ದು... ಆ ತಾಯಿ ಆ ಗೆರೆ ನೋಡ್ತಾ ನಿಂತೋರು ಮುಖ ಬಿಳಿಚಿಕೊಂಡುಬಿಟ್ರು.

“‘ಇದು ಆ ಲೆಕ್ಕಕ್ಕೆ ತಾನೇ?’ ಅಂದ್ರು. ‘ಹೂಂ ಅಕ್ಕಾ.’ ‘ಹಾಗಾದ್ರೆ ಸತ್ತ ಮೇಲೂ ಅದನ್ನೇ ತಬ್ಕೊಂಡಿದಾರೆ.’ ನನ್ನ ಕೈಯಿಂದ ಕಾರ್ಡು ಕಿತ್ಕೊಂಡ್ರು. ‘ಇದನ್ನ ಒಲೆಗೆ ಹಾಕ್ತೀನಿ. ಬದುಕಿದ್ದಾಗ ಮಾಡೋ ಧೈರ್ಯ ಬರ್ಲಿಲ್ಲ’ ಅಂದೋರೇ ಹೊರಟುಹೋದ್ರು. ನಾನು ತಡೀಬಹುದಿತ್ತಾ? ಯಾವ ಬಾಯಲ್ಲಿ ತಡೀಲಿ?

“ಆದ್ರೆ ದೊಡ್ಡ ಡಾಕ್ಟರು ಆ ಪ್ರಶ್ನೇನ ನಮ್ಮ ಕಾರ್ಡುಗಳ ಜೊತೆ ಸೇರಿಸೋಕೆ ಅಂತ ಮೊದಲೇ ಅಚ್ಚಿಗೆ ಕೊಟ್ಟಿದ್ರು ನೋಡಿ. ಮಾರನೇ ಬೆಳಿಗ್ಗೆ ಅಚ್ಚಾದ ಕಾರ್ಡು ಬಂತು. ಅದೇ ಪ್ರಶ್ನೆ, ಅಕ್ಷರಕ್ಕೆ ಅಕ್ಷರ ಅದೇ. ಖಾಲಿ ಗೆರೆ ಓಡಿಸ್ತಾ ಕುರ್ಚಿ ಕಡೆ ಹಿಡಿದೆ. ಗೆರೆ ನೆಟ್ಟಗೆ ಹೋಯ್ತು. ಹತ್ತಿರ ಹಿಡಿದೆ, ದೂರ ಹಿಡಿದೆ, ‘ಮೇಷ್ಟ್ರೇ, ನಿಮ್ಮ ಲೆಕ್ಕ’ ಅಂತ ಬಾಯಿಬಿಟ್ಟು ಹೇಳಿದೆ... ಉಹೂಂ. ಕಾರ್ಡಿನ ಜೊತೆ ಅವರೂ ಮನೆಗೆ ಹೋದ್ರಾ? ಅಥವಾ... ಆ ‘ಅಥವಾ’ ತಲೆಗೆ ಬಂದ ಕೂಡಲೆ ನಾನು ಕೋಟು ಸಿಕ್ಕಿಸ್ಕೊಂಡು ಬಸ್ಸು ಹಿಡಿದೆ. ಆ ಹೆಂಗಸು ಒಲೆ ಹಚ್ಚೋದರ ಒಳಗೆ ಹೋಗಿ ಸೇರಿದ್ರೆ ಸಾಕಪ್ಪ ಅಂತ ದಾರಿ ಉದ್ದಕ್ಕೂ ಸೀಟಿನ ತುದೀಲಿ ಕೂತಿದ್ದೆ.

“ಬೇಕರಿ ಪಕ್ಕದ ಓಣಿ, ಎರಡು ಮಹಡಿ ಹತ್ತಬೇಕು. ಬಾಗಿಲು ತೆಗೆದ್ರು. ಅಡುಗೆಮನೆಲಿ ಚಹಾ ಪುಡಿ ಡಬ್ಬಿಗೆ ಒರಗಿಸಿ ಆ ಕಾರ್ಡು ನಿಲ್ಲಿಸಿದ್ರು, ಎದುರಿಗೆ ಬೆಂಕಿಪೊಟ್ಟಣ, ಸುತ್ತ ಅರ್ಧ ಉರಿದ ಕಡ್ಡಿಗಳು. ‘ಗೀರ್ತೀನಿ, ಆರಿಸ್ತೀನಿ. ರಾತ್ರಿಯಿಂದ ಇದೇ ಆಯ್ತು’ ಅಂದ್ರು. ನಾನು ಕೇಳಿದ್ದು ಒಂದೇ ಮಾತು. ‘ಅಕ್ಕಾ, ಈ ಕಾರ್ಡು ಬರೆದದ್ದು ಯಾರು?’

“‘ನಾನೇ’ ಅಂದ್ರು.

“ಮದುವೆಯಾದ ಹೊಸದರಲ್ಲಂತೆ. ಶಾಲೆ ಮಕ್ಕಳಿಗೆ ಆಟ ಆಡಿಸೋಕೆ ಅಂತ ಈ ಲೆಕ್ಕ ಎಲ್ಲೋ ಸಿಕ್ತು, ಮಕ್ಕಳು ಕುಣಿದಾಡಿದ್ರು, ಯಾವ ಸಂಖ್ಯೆ ಹೇಳಿದ್ರೂ ಒಂದಕ್ಕೇ ಬರುತ್ತೆ ಅಂತ. ಸಂಜೆ ಮನೆಗೆ ಬಂದು ಅದನ್ನೇ ಕಾರ್ಡಲ್ಲಿ ಬರೆದು ಚಹಾದ ಬಟ್ಟಲ ಕೆಳಗಿಟ್ಟು, ‘ನಿಮ್ಮ ದೊಡ್ಡ ದೊಡ್ಡ ಗಣಿತ ಎಲ್ಲ ಆ ಕಡೆ ಇರ್ಲಿ, ಇದು ಯಾಕೆ ಹೀಗೆ ಹೇಳಿ ನೋಡಣ’ ಅಂತ ಕೆಣಕಿದ್ರಂತೆ. ‘ಚಹಾ ಆರೋದರೊಳಗೆ ಹೇಳ್ತೀನಿ’ ಅಂದ್ರಂತೆ ಮೇಷ್ಟ್ರು. ಚಹಾ ಆರ್ತು. ಕೂದಲೂ ನೆರೀತು. ಮೊದಮೊದಲು ಅದು ಇಬ್ಬರ ಆಟ ಆಗಿತ್ತಂತೆ... ಗಂಡ ಬಾಗಿಲಲ್ಲಿ ಬೂಟು ಬಿಚ್ತಾ ಇರುವಾಗ ಇವರು ಒಳಗಿಂದ ಒಂದು ಸಂಖ್ಯೆ ಕೂಗೋದು, ಅವರು ಅದನ್ನ ಬಾಯಲ್ಲೇ ಏರಿಸಿ ಇಳಿಸಿ ಒಂದು ಅನ್ನೋ ಹೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತಿರೋದು. ಆಮೇಲೆ ಆಟ ಹೋಗಿ ಗೀಳಾಯ್ತು. ಬರ್ತಿದ್ರು, ಕೋಣೆ ಬಾಗಿಲು ಹಾಕ್ಕೊಳ್ತಿದ್ರು. ಈ ತಾಯಿ ಎಷ್ಟೋ ವರ್ಷ ಮುಚ್ಚಿದ ಬಾಗಿಲಿಗೆ ಸಂಖ್ಯೆ ಹೇಳಿದ್ರಂತೆ, ಕೊನೆಗೆ ಹೇಳೋದನ್ನೇ ಬಿಟ್ರಂತೆ. ‘ನನ್ನ ಕೈಯಾರೆ ತಂದು ಕೊಟ್ಟ ಲೆಕ್ಕ, ಅದೇ ನನಗೆ ಸವತಿ ಆಯ್ತು’ ಅಂದ್ರು. ಅಳ್ಲಿಲ್ಲ. ಅತ್ತಿದ್ರೆ ನೋಡೋಕೆ ಅಷ್ಟು ಕಷ್ಟ ಆಗ್ತಿರ್ಲಿಲ್ಲ.

“‘ಎದ್ದೇಳಿ ಅಕ್ಕಾ, ಕಾರ್ಡು ತಗೊಳ್ಳಿ, ನಡೀರಿ’ ಅಂದೆ.

“ಊಟದ ಹೊತ್ತು, ಡಾಕ್ಟರು ಇರ್ಲಿಲ್ಲ. ಟೀಚರಮ್ಮನನ್ನ ಕುರ್ಚಿ ಎದುರಿಗೆ ನಿಲ್ಲಿಸಿ, ಗೆರೆ ತಣ್ಣಗಾಗೋಕೆ ಬಿಟ್ಟು, ಮೊದಲು ಅಚ್ಚಿನ ಕಾರ್ಡು ಹಿಡಿಸಿದೆ. ನೆಟ್ಟಗೆ. ‘ಈಗ ನಿಮ್ಮದು’ ಅಂದೆ. ಹಿಡಿದ್ರು. ಪೆನ್ನು ಎದ್ದು ಅಂಚು ದಾಟಿ ಹೋಯ್ತು. ಮತ್ತೆ ಅಚ್ಚಿನದು. ನೆಟ್ಟಗೆ. ಮತ್ತೆ ಅವರದ್ದು... ‘ನೋಡಿದ್ರಾ ಅಕ್ಕಾ? ಪ್ರಶ್ನೆ ಎರಡರಲ್ಲೂ ಒಂದೇ. ಕೈಬರಹ ಮಾತ್ರ ಬೇರೆ.’

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ ಅನ್ನೋ ಮಾತಿದೆಯಲ್ಲ. ಆ ಮನುಷ್ಯನೂ ಹಾಗೇ. ಎದೆ ಜೇಬಲ್ಲಿ ಇದ್ದದ್ದು ಹೆಂಡತಿ. ತಾನು ಹುಡುಕ್ತಿರೋದು ಲೆಕ್ಕ ಅನ್ಕೊಂಡಿದ್ದರು. ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ಗಂಟೇನು ಹೋಗ್ತಿತ್ತು ಅಂತ ನನಗೆ ಇವತ್ತಿಗೂ ಸಿಟ್ಟಿದೆ. ಟೀಚರಮ್ಮ ಕಾರ್ಡು ಕೆಳಗಿಟ್ರು. ಕುರ್ಚಿ ಎದುರಿಗೆ ಸ್ಟೂಲು ಎಳ್ಕೊಂಡು ಕೂತ್ರು. ಗಂಟಲು ಸರಿ ಮಾಡ್ಕೊಂಡು, ಮೆಲ್ಲಗೆ, ‘ಏಳು’ ಅಂದ್ರು.

“ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪೆನ್ನು ಒಂದು ಗೇಣಷ್ಟು ಏರ್ತು. ‘ಇಪ್ಪತ್ತೆರಡು’ ಅಂದ್ರು ಟೀಚರಮ್ಮ, ಉಸಿರಲ್ಲೇ. ಪೆನ್ನು ಇಳೀತು. ‘ಹನ್ನೊಂದು.’ ಏರ್ತು. ‘ಮೂವತ್ನಾಲ್ಕು.’ ಇಳೀತು. ‘ಹದಿನೇಳು.’ ನನಗೆ ಆಗ ಹೊಳೀತು ಕಣ್ರಿ... ಅವರು ಬೂಟು ಬಿಚ್ತಾ ಇದಾರೆ. ಬಾಗಿಲಲ್ಲಿ ನಿಂತು ಲೆಕ್ಕ ಇಳಿಸ್ತಾ ಒಳಗೆ ಬರ್ತಾ ಇದಾರೆ. ಹದಿನಾರಕ್ಕೆ ಬಂದ ಮೇಲೆ ಎಂಟು, ನಾಲ್ಕು, ಎರಡು ಅಂತ ಮೆಟ್ಟಿಲಿಳಿದ ಹಾಗೆ ಇಳಿದು, ‘ಒಂದು’ ಅನ್ನೋ ಹೊತ್ತಿಗೆ ಪೆನ್ನು ನಿಂತ್ಕೊಳ್ತು. ‘ಬಂದ್ರಾ’ ಅಂದ್ರು ಟೀಚರಮ್ಮ. ಆವತ್ತು ಅತ್ತದ್ದು ನಾನು.

“ಆಮೇಲೆ ದಿನಾ ಊಟದ ಹೊತ್ತಿಗೆ ಬರೋಕೆ ಶುರು ಮಾಡಿದ್ರು. ಒಂದು ಸಂಖ್ಯೆ ಹೇಳೋದು, ಇಬ್ಬರೂ ಇಳಿಸೋದು, ಶಾಲೆ ಗಂಟೆಗೆ ಸರಿಯಾಗಿ ಎದ್ದು ಹೋಗೋದು. ಮದುವಣಗಿತ್ತಿ ಹಾಗಿದ್ರು. ಆದ್ರೆ ನಾನು ಗೆರೆ ನೋಡೋಳು, ನನಗೆ ಕಾಣ್ತಿತ್ತು... ಪ್ರತಿ ಸಲ ಒಂದಕ್ಕೆ ಬಂದ ಮೇಲೆ ಮಾರನೇ ದಿನದ ಗೆರೆ ಸ್ವಲ್ಪ ಸಣ್ಣದಾಗ್ತಿತ್ತು. ಗೇಣು ಏರ್ತಿದ್ದದ್ದು ಬೆರಳಷ್ಟಾಯ್ತು, ಬೆರಳಿಂದ ಉಗುರಷ್ಟಾಯ್ತು. ಮನೆಗೆ ಬಂದು ಸೇರಿದ ಮನುಷ್ಯ ಇನ್ನೇನು ಮಾಡ್ತಾನೆ? ಮಲಗ್ತಾನೆ. ಒಂದು ದಿನ ಧೈರ್ಯ ಮಾಡಿ ಹೇಳಿದೆ, ‘ಅಕ್ಕಾ, ಇನ್ನೊಂದು ನಾಲ್ಕು ಸಲ ಇಳಿಸಿದ್ರೆ ಅವರು ಹೋಗ್ತಾರೆ. ಹೋಗ್ಲಿ ಬಿಡಿ. ಬಹಳ ಅಲೆದಿದಾರೆ.’

“ಆಗ ಅವರು ಹೇಳಿದ್ರು, ತಮಗೆ ಹೊಟ್ಟೇಲಿ ಗಡ್ಡೆ ಇದೆ, ನಾಳೆ ಆಸ್ಪತ್ರೆಗೆ ಸೇರಬೇಕು, ಆಪರೇಷನ್ ಅಂತೆ. ‘ಇಷ್ಟು ವರ್ಷ ಮುಚ್ಚಿದ ಬಾಗಿಲ ಈ ಕಡೆ ಕಾದೆ. ಈಗ ಬಾಗಿಲು ತೆಗೆದಿದೆ, ಈಗ ಕಳಿಸು ಅಂತೀಯಾ?’ ಅಂದ್ರು. ನೀವೇ ಹೇಳಿ. ಕಳಿಸೋದು ಪುಣ್ಯ, ಉಳಿಸ್ಕೊಳ್ಳೋದು ಪ್ರೀತಿ. ಯಾವುದು ತಪ್ಪು?

“ಅವರು ಎದ್ದು ಕುರ್ಚಿ ಹತ್ರ ಹೋದ್ರು. ಬಗ್ಗಿದ್ರು, ಕಿವಿ ಇರೋ ಜಾಗಕ್ಕೆ ಬಾಯಿ ಇಟ್ಟು, ಪಿಸುಗುಟ್ಟಿದ್ರು. ಉದ್ದದ ಸಂಖ್ಯೆ... ಬಹಳ ಹೊತ್ತು ಹೇಳ್ತಾನೇ ಇದ್ರು, ಮನಸ್ಸಿಗೆ ಬಂದ ಅಂಕೆ ಎಲ್ಲ ಸೇರಿಸಿ ಪೋಣಿಸ್ತಿದ್ದ ಹಾಗಿತ್ತು. ಪೆನ್ನು ಎದ್ದು ನಡೆಯೋಕೆ ಶುರು ಮಾಡ್ತು. ಸಣ್ಣಗೆ ಅಲ್ಲ, ಮೊದಲಿನ ಹಾಗೆ, ಗೇಣುದ್ದ. ‘ಎಷ್ಟು ಹೇಳಿದ್ರಿ ಅಕ್ಕಾ?’ ಅಂದೆ. ‘ಅದು ನಮ್ಮಿಬ್ಬರ ಮಧ್ಯೆ’ ಅಂತ ನಕ್ಕರು. ‘ನಾನು ಬರೋ ತನಕ ನಡೀತಾ ಇರ್ಲಿ. ಮಿಕ್ಕದ್ದನ್ನ ಇಬ್ಬರೂ ಸೇರಿ ಇಳಿಸ್ತೀವಿ.’ ಕೊಡೆ ತಗೊಂಡು ಹೊರಟ್ರು. ಆಸ್ಪತ್ರೆಯಿಂದ ಅವರು ತಿರುಗಿ ಬರ್ಲಿಲ್ಲ.”

ಅಜ್ಜಿ ತಣ್ಣಗಾದ ಚಹಾ ಕುಡಿದರು. 

“ಅವರು ಆ ಸಂಖ್ಯೆ ಹೇಳಿ ಹೋದ ದಿನ ಸಂಜೆ ನಾನು ಯಂತ್ರ ಆರಿಸಿದೆ. ಪೆನ್ನು ನಿಲ್ಲಲೇ ಇಲ್ಲ. ಪ್ಲಗ್ಗು ಕಿತ್ತೆ, ವೈರು ಬಿಚ್ಚಿದೆ... ಏರ್ತಾ ಇಳೀತಾ ಇತ್ತು. ಕೆಟ್ಟಿದೆ ಅಂತ ಡಾಕ್ಟರಿಗೆ ಹೇಳಿ ಉಗ್ರಾಣಕ್ಕೆ ಸೇರಿಸಿ ಬಟ್ಟೆ ಹೊದಿಸಿದೆ, ಅವರು ಹೊಸದು ತರಿಸ್ಕೊಂಡ್ರು. ನಾನು ರಿಟೈರ್ ಆಗಿ ಮನೆಗೆ ಬರುವಾಗ ಇದನ್ನ ಗುಜರಿಗೆ ಹಾಕ್ತಾರೆ ಅಂತ ತಿಳೀತು, ಮನಸ್ಸು ಒಪ್ಪಲಿಲ್ಲ, ಕೇಳಿ ತಗೊಂಡು ಬಂದೆ.”

“ಒಳಗಿದೆಯಾ ಅಜ್ಜಿ?” ಎಂದರು ನರ್ಸಮ್ಮ. ಅವರ ದನಿ ಸಣ್ಣಗಾಗಿತ್ತು.

“ಮಲಗೋ ಕೋಣೆಲಿ. ಕಾಗದ ಮುಗಿದು ಎಷ್ಟು ಕಾಲ ಆಯ್ತೋ, ಬರೀ ತಗಡಿನ ಮೇಲೆ ಓಡುತ್ತೆ, ಅದಕ್ಕೇ ಸ್ವಲ್ಪ ಸದ್ದು.”

“ಆದ್ರೆ ಎಲ್ಲ ಸಂಖ್ಯೆನೂ ಒಂದಕ್ಕೆ ಬರುತ್ತಲ್ಲ,” ಎಂದಳು ಹುಡುಗಿ. “ಎಷ್ಟು ದೊಡ್ಡದಾದ್ರೂ ಇಷ್ಟು ಹೊತ್ತಿಗೆ ಬಂದಿರಬೇಕಲ್ಲ ಅಜ್ಜಿ?”

“ಬರಬೇಕಿತ್ತು, ಕಂದ. ಒಂದು ಹೆಂಗಸು ನಿಂತ ನಿಲುವಲ್ಲಿ ಬಾಯಿಗೆ ಬಂದ ಹಾಗೆ ಹೇಳಿದ ಸಂಖ್ಯೆ, ಎಷ್ಟು ದೊಡ್ಡದಿದ್ದೀತು? ದೊಡ್ಡ ದೊಡ್ಡ ಗಣಿತದೋರು ಇನ್ನೂ ಹುಡುಕ್ತಾ ಇದಾರಂತೆ, ಮನೆಗೆ ಬಾರದೇ ಇರೋ ಸಂಖ್ಯೆ ಒಂದಾದ್ರೂ ಇದೆಯಾ ಅಂತ. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಬಿಟ್ರೂ ಏನು, ಆ ಅಂಕೆ ಗೊತ್ತಿರೋರು ಇಬ್ಬರೇ, ಇಬ್ಬರೂ ದಾರೀಲಿದಾರೆ. ಒಮ್ಮೊಮ್ಮೆ ಅನ್ಸುತ್ತೆ, ಪಾಪ, ಸೇರಿಕೊಂಡಿದಾರೇನೋ, ಬೇಕು ಅಂತಲೇ ಬರ್ತಿಲ್ಲವೇನೋ ಅಂತ. ಒಮ್ಮೊಮ್ಮೆ ಅನ್ಸುತ್ತೆ, ಮೇಷ್ಟ್ರು ಮುಂದೆ ಮುಂದೆ ನಡೀತಾ, ಟೀಚರಮ್ಮ ಹಿಂದೆ ಹಿಂದೆ ಕೂಗ್ತಾ... ನಂಗೆ ಗೊತ್ತಾಗಲ್ಲ. ನಾನು ಒಂಟಿ ಹೆಂಗಸು, ಆ ಸದ್ದು ಕೇಳ್ಕೊಂಡೇ ನಿದ್ದೆ ಮಾಡೋದು. ಅದು ಎಲ್ಲಿ ನಿಂತುಹೋಗುತ್ತೋ ಅನ್ನೋದು ನನ್ನ ಭಯ. ನಿಲ್ಲದೇ ಹೋದ್ರೆ ಅನ್ನೋ ಭಯ ನೀವು ಇಟ್ಕೊಳ್ಳಿ.”

ಅವರು ಎದ್ದು ನಮ್ಮ ಬಟ್ಟಲುಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡರು. ಬಾಗಿಲು ತಳ್ಳುತ್ತಾ, ಮಳೆ ಎಷ್ಟಾಯಿತೆಂದು ಹೇಳುವಷ್ಟೇ ಸಹಜವಾಗಿ ಹೇಳಿದರು.

“ಈಚೆಗೆ ಒಂದು ವಾರದಿಂದ ಇಳಿಯೋದು ಕಮ್ಮಿ ಆಗಿದೆ. ಒಂದು ಬೆರಳು ಇಳಿದ್ರೆ ಎರಡು ಬೆರಳು ಏರುತ್ತೆ.”